ಜರಡಿ ಏನನ್ನು ಅಳೆಯುತ್ತದೆ?
ಕಾಳು, ರವೆ, ಪುಡಿಗಳ ಗಾತ್ರ ಮತ್ತು ಆಕಾರವನ್ನು ಕುರಿತ ಒಂದು ಪಾಠ



ಕಾಫಿ ಬೀಜಕ್ಕೆ ದರ್ಜೆ ಕಟ್ಟುವುದು ಜರಡಿ. ಮೆಣಸಿಗೆ ದರ್ಜೆ ಕಟ್ಟುವುದೂ ಜರಡಿಯೇ. ಚಾಲಿ ಅಡಿಕೆಯಲ್ಲಿಯೂ ದಪ್ಪ ಸಣ್ಣ ನೋಡಿ ಬೇರ್ಪಡಿಸುವ ಕ್ರಮ ನಮಗೆಲ್ಲ ತಿಳಿದದ್ದೇ. ಒಂದು ವರ್ಷದ ದುಡಿಮೆಗೆ ಬೆಲೆ ಗೊತ್ತಾಗುವುದು ಹೀಗೆ ಕೆಲವೇ ನಿಮಿಷ ಆಡುವ ಒಂದು ತೂತಿನ ತಗಡಿನ ಮೇಲೆ. ಆದರೂ ಆ ತಗಡು ಕಾಳಿನ ಯಾವ ಗುಣವನ್ನು ಅಳೆಯುತ್ತದೆ, ಯಾವುದನ್ನು ಅಳೆಯುವುದಿಲ್ಲ, ಅದರ ಲೆಕ್ಕ ತಪ್ಪುವುದು ಎಲ್ಲಿ ಎಂಬುದನ್ನು ನಮ್ಮಲ್ಲಿ ಬಹಳ ಮಂದಿ ವಿಚಾರಿಸಿಲ್ಲ. ಕೊಟ್ಟ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಬರುತ್ತೇವೆ. ಈ ಪಾಠದ ಉದ್ದೇಶ ಇಷ್ಟೆ: ಮಾಲು ಕಳಿಸುವ ಮುನ್ನ ನಮ್ಮ ಕೈಯಲ್ಲಿ ನಮ್ಮದೇ ಆದ ಒಂದು ಲೆಕ್ಕ ಇರಬೇಕು.

ಸತ್ತಿಯ ಮೂರು ಡಬ್ಬಿಗಳು

ಪಾಠವನ್ನು ನಮ್ಮ ತೋಟದಿಂದ ಆರಂಭಿಸದೆ, ಕಾಫಿಯೂ ಅಡಿಕೆಯೂ ಇಲ್ಲದ ಒಂದು ಸೀಮೆಯಿಂದ ಆರಂಭಿಸುತ್ತೇವೆ. ಬೆಳಗಾವಿ ಜಿಲ್ಲೆಯ ಅಥಣಿ ತಾಲ್ಲೂಕಿನಲ್ಲಿ, ಕೃಷ್ಣಾ ತೀರದಲ್ಲಿ ಸತ್ತಿ ಎಂಬ ಊರಿದೆ. ಸುತ್ತಮುತ್ತಲಿನದು ಕಬ್ಬಿನ ನಾಡು. ಆ ಕಡೆಯ ಯಾವ ಅಡುಗೆಮನೆಗೆ ಹೋದರೂ ಮೂರು ಡಬ್ಬಿಗಳು ಕಣ್ಣಿಗೆ ಬೀಳುತ್ತವೆ: ಜೋಳದ ಹಿಟ್ಟು, ಅರಿಸಿನ ಪುಡಿ, ಸಕ್ಕರೆ. ಕಾಳಿನ ಗಾತ್ರವನ್ನು ಅಳೆಯುವ ಮೂರು ಬಗೆಗಳನ್ನು ಈ ಮೂರು ಡಬ್ಬಿಗಳೇ ನಮಗೆ ಕಲಿಸುತ್ತವೆ.

ಮೊದಲನೆಯದು ಜೋಳದ ಹಿಟ್ಟು. ಗಿರಣಿಯಿಂದ ಹಿಟ್ಟು ಬಂದೊಡನೆ ಆ ಕಡೆಯ ಹೆಂಗಸರು ಒಂದು ಚಿಟಿಕೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ತಿಕ್ಕಿ ನೋಡುತ್ತಾರೆ. ತರಿತರಿಯಾಗಿದ್ದರೆ ರೊಟ್ಟಿ ತಟ್ಟುವಾಗ ಅಂಚು ಸೀಳುತ್ತದೆ. ಜೋಳದಲ್ಲಿ ಗೋಧಿಯಂತೆ ಎಳೆಯುವ ಜಿಗುಟು ಇಲ್ಲ. ಕುದಿಯುವ ಎಸರು ಹಾಕಿ ನಾದಿದಾಗ ಹಿಟ್ಟಿನ ಪಿಷ್ಟ ಬೆಂದು ಅಂಟುವುದರಿಂದಲೇ ರೊಟ್ಟಿ ನಿಲ್ಲುತ್ತದೆ. ನುಣ್ಣನೆಯ ಹಿಟ್ಟಿಗೆ ಎಸರು ಬೇಗ ಹಿಡಿಯುತ್ತದೆ, ತರಿಗೆ ಹಿಡಿಯದು. ಆದ್ದರಿಂದ ಹಿಟ್ಟನ್ನು ಸಾಣಿಗೆಯಲ್ಲಿ ಹಿಡಿದು, ಮೇಲೆ ನಿಂತದ್ದನ್ನು ನುಚ್ಚಿಗೆ ತೆಗೆದಿಡುತ್ತಾರೆ. ನಾವು ಜರಡಿ ಎನ್ನುವುದನ್ನು ಆ ಕಡೆ ಸಾಣಿಗೆ ಎನ್ನುತ್ತಾರೆ. ಇಲ್ಲಿ ಅಳತೆಗೋಲು ಬೆರಳು. ಅದು ಅನುಭವದ ಅಳತೆ, ಸುಳ್ಳಲ್ಲ. ಆದರೆ ಒಬ್ಬರ ಬೆರಳಿನ ತೀರ್ಮಾನವನ್ನು ಇನ್ನೊಬ್ಬರಿಗೆ ಕಾಗದದ ಮೇಲೆ ಬರೆದು ಕೊಡಲಾಗದು.

ಎರಡನೆಯದು ಅರಿಸಿನ. ರಾಯಬಾಗ, ಚಿಕ್ಕೋಡಿ, ಅಥಣಿ ಭಾಗಗಳಲ್ಲಿ ಅರಿಸಿನ ಬೆಳೆಯುತ್ತಾರೆ. ಗಡಿಯಾಚೆಯ ಸಾಂಗ್ಲಿ ಅದರ ದೊಡ್ಡ ಪೇಟೆ. ಅರಿಸಿನ ಪುಡಿಗೆ ಆಗ್‌ಮಾರ್ಕ್ ನಿಯಮದಲ್ಲಿ ಎರಡು ಬಗೆ: ನುಣ್ಣನೆಯದು 300 ಮೈಕ್ರಾನ್ ಜರಡಿಯಲ್ಲಿಯೂ, ತರಿಯಾದದ್ದು 500 ಮೈಕ್ರಾನ್ ಜರಡಿಯಲ್ಲಿಯೂ ಇಳಿಯಬೇಕು. ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಇಲ್ಲಿ ಬೆರಳಿನ ಬದಲು ಒಂದೇ ಒಂದು ಜರಡಿ ಬಂದಿತು. ಅದು ಕೇಳುವ ಪ್ರಶ್ನೆಯೂ ಒಂದೇ: ಇಳಿಯಿತೇ, ಇಲ್ಲವೇ? ಇಳಿದದ್ದರಲ್ಲಿ ಎಷ್ಟು ನುಣುಪು, ಎಷ್ಟು ತರಿ ಎಂಬುದನ್ನು ಅದು ಹೇಳುವುದಿಲ್ಲ.

ಮೂರನೆಯದು ಸಕ್ಕರೆ. ಅಥಣಿಯ ಕೃಷ್ಣಾ ಸಹಕಾರಿ ಸಕ್ಕರೆ ಕಾರ್ಖಾನೆ, ಉಗಾರ ಖುರ್ದದ ಉಗಾರ ಶುಗರ್ ವರ್ಕ್ಸ್, ಚಿಕ್ಕೋಡಿಯ ದೂಧಗಂಗಾ ಕೃಷ್ಣಾ ಸಹಕಾರಿ ಕಾರ್ಖಾನೆ, ನಿಪ್ಪಾಣಿಯ ಹಾಲಸಿದ್ಧನಾಥ ಸಹಕಾರಿ ಕಾರ್ಖಾನೆ ಮೊದಲಾದವು ಈ ಸೀಮೆಯವೇ. ಸಕ್ಕರೆಯ ಕಾಳಿಗೆ ಒಂದು ಜರಡಿ ಸಾಲದು, ಜರಡಿಗಳ ಸಾಲೇ ಬೇಕು. ನಮಗೆ ಮುಖ್ಯವಾದ ಪಾಠ ಇರುವುದು ಇಲ್ಲಿಯೇ.

ಜರಡಿಗಳ ಸಾಲು

ಪೇಟೆಯ ಧಾರಣೆಯಲ್ಲಿ ಎಂ-30, ಎಸ್-30 ಎಂದು ಓದುತ್ತೇವಲ್ಲವೆ? ಅಕ್ಷರ ಕಾಳಿನ ಗಾತ್ರವನ್ನೂ, ಅಂಕೆ ಬಣ್ಣವನ್ನೂ ಹೇಳುತ್ತದೆ. 31 ಎಂಬುದು 30ಕ್ಕಿಂತ ಬಿಳುಪು. ಎಲ್ ದರ್ಜೆಗೆ 1.70 ಮಿ.ಮೀ., ಎಂ ದರ್ಜೆಗೆ 1.18 ಮಿ.ಮೀ., ಎಸ್ ದರ್ಜೆಗೆ 0.60 ಮಿ.ಮೀ. ಕಣ್ಣಿನ ಜರಡಿ ಗೊತ್ತು. ಕಾಳುಗಳಲ್ಲಿ ಬಹುಪಾಲು ಆಯಾ ಜರಡಿಯ ಮೇಲೆ ನಿಲ್ಲಬೇಕು. ದೇಶದ ಎಲ್ಲ ಕಾರ್ಖಾನೆಗಳೂ ಹೋಲಿಸಿ ನೋಡಲು ಬೇಕಾದ ಪ್ರಮಾಣ ಮಾದರಿಗಳನ್ನು ಕಾನ್ಪುರದ ರಾಷ್ಟ್ರೀಯ ಸಕ್ಕರೆ ಸಂಸ್ಥೆ ಸಿದ್ಧಪಡಿಸುತ್ತದೆ.

ಪ್ರಯೋಗಾಲಯದಲ್ಲಿ ದೊಡ್ಡ ಕಣ್ಣಿನ ಜರಡಿ ಮೇಲೆ, ಅದರ ಕೆಳಗೆ ಸ್ವಲ್ಪ ಸಣ್ಣದು, ಮತ್ತೆ ಅದಕ್ಕಿಂತ ಸಣ್ಣದು, ಎಲ್ಲಕ್ಕೂ ಕೆಳಗೆ ತೂತಿಲ್ಲದ ತಟ್ಟೆ, ಹೀಗೆ ಒಂದರ ಮೇಲೊಂದು ಪೇರಿಸಿ, ತೂಗಿದ ಸಕ್ಕರೆಯನ್ನು ಮೇಲೆ ಸುರಿದು ಆಡಿಸುತ್ತಾರೆ. ಆಮೇಲೆ ಪ್ರತಿ ಜರಡಿಯ ಮೇಲೆ ನಿಂತದ್ದನ್ನು ಬೇರೆ ಬೇರೆ ತೂಗುತ್ತಾರೆ. ಆಗ ಒಂದು ಸಂಖ್ಯೆಯ ಬದಲು ಸಂಖ್ಯೆಗಳ ಸಾಲು ಸಿಗುತ್ತದೆ. ಆ ಸಾಲಿನಿಂದ ಎರಡು ವಿಷಯ ತಿಳಿಯುತ್ತವೆ. ಒಂದು, ನಡುಗಾತ್ರ ಎಷ್ಟು. ಎರಡು, ಕಾಳುಗಳು ಒಂದೇ ಸಮನಾಗಿವೆಯೇ ಅಥವಾ ದೊಡ್ಡದು ಚಿಕ್ಕದು ಕಲಬೆರಕೆಯಾಗಿವೆಯೇ. ಎರಡು ಮೂಟೆಗಳ ನಡುಗಾತ್ರ ಒಂದೇ ಆಗಿದ್ದರೂ ಒಂದರಲ್ಲಿ ಕಾಳು ಸಮ, ಇನ್ನೊಂದರಲ್ಲಿ ಹರಳೂ ದೂಳೂ ಸೇರಿರಬಹುದು. ಕೊಳ್ಳುವವನಿಗೆ ಈ ಎರಡು ಮೂಟೆ ಒಂದೇ ಅಲ್ಲ.

ಆಕಾರದ ಮಾತೂ ಇಲ್ಲಿಯೇ ಬರುತ್ತದೆ. ಸಕ್ಕರೆಯ ಒಳ್ಳೆಯ ಹರಳು ಒಂಟಿಯಾಗಿ, ಚಪ್ಪಟೆ ಮುಖ ಚೂಪು ಅಂಚುಗಳಿಂದ ಕೂಡಿರುತ್ತದೆ. ಪಾಕ ಸರಿಯಾಗದಿದ್ದರೆ ಎರಡು ಮೂರು ಹರಳುಗಳು ಅಂಟಿಕೊಂಡು ಬೆಳೆಯುತ್ತವೆ. ಅಂಥ ಗುಂಪು ಹರಳುಗಳ ಸಂದಿನಲ್ಲಿ ಕಾಕಂಬಿ ಸಿಕ್ಕಿಕೊಂಡು, ತೊಳೆದರೂ ಹೋಗದೆ, ಬಣ್ಣವನ್ನು ಕೆಡಿಸುತ್ತದೆ. ತೇವ ಹಿಡಿದು ಮೂಟೆಯಲ್ಲಿ ಗಡ್ಡೆ ಕಟ್ಟುವುದಕ್ಕೂ ಕಾರಣವಾಗುತ್ತದೆ. ಆದರೆ ಜರಡಿಯ ಮೇಲೆ ಗುಂಪು ಹರಳು ದೊಡ್ಡ ಹರಳಿನಂತೆಯೇ ನಿಲ್ಲುತ್ತದೆ. ಗಾತ್ರದ ಪರೀಕ್ಷೆಯಲ್ಲಿ ಗೆದ್ದದ್ದು ಆಕಾರದ ಪರೀಕ್ಷೆಯಲ್ಲಿ ಸೋತಿರುತ್ತದೆ. ಅದನ್ನು ಹಿಡಿಯಲು ಭೂತಗನ್ನಡಿಯೇ ಬೇಕು.

ಸಂಖ್ಯೆಗಳಲ್ಲಿ ಒಂದು ಗೊಂದಲ

ಈಗ ನಮ್ಮ ತೋಟಕ್ಕೆ ಬರೋಣ. ಕಾಫಿಯ ಜರಡಿಗಳಿಗೆ 18, 17, 15, 14 ಎಂಬ ನಂಬರುಗಳಿವೆ. ಇವು ಒಂದು ಅಂಗುಲದ 64ನೆಯ ಪಾಲುಗಳ ಲೆಕ್ಕ. 18ನೆಯ ನಂಬರ್ ಎಂದರೆ 64ರಲ್ಲಿ 18 ಪಾಲು ಅಂಗುಲ, ಅಂದರೆ ಸುಮಾರು 7.1 ಮಿ.ಮೀ. ಅಗಲದ ದುಂಡು ತೂತು. ನಮ್ಮ ಪ್ಲಾಂಟೇಷನ್ ಕಾಫಿಯ ದರ್ಜೆಗಳಲ್ಲಿ ಎಎಗೆ 7.10, ಎಗೆ 6.65, ಬಿಗೆ 6.00, ಸಿಗೆ 5.50 ಮಿ.ಮೀ. ಜರಡಿ ಎಂದು ಗೊತ್ತುಪಡಿಸಿದ್ದಾರೆ. ಇಲ್ಲಿ ನಂಬರ್ ಹೆಚ್ಚಿದಷ್ಟೂ ತೂತು ದೊಡ್ಡದು.

ಪುಡಿಯ ಜರಡಿಗಳಲ್ಲಿ ಇದು ತಿರುವುಮುರುವು. ಅಲ್ಲಿ ಮೆಷ್ ನಂಬರ್ ಎಂದರೆ ಒಂದು ಅಂಗುಲದ ಉದ್ದದಲ್ಲಿ ಎಷ್ಟು ಕಣ್ಣುಗಳಿವೆ ಎಂಬ ಎಣಿಕೆ. ಕಣ್ಣು ಹೆಚ್ಚಿದಷ್ಟೂ ಅದು ಸಣ್ಣದು. ಬ್ರಿಟಿಷ್ ಎಣಿಕೆಯಲ್ಲಿ 30ನೆಯ ಮೆಷ್ 500 ಮೈಕ್ರಾನ್, 52ನೆಯ ಮೆಷ್ 300 ಮೈಕ್ರಾನ್. ಅಮೆರಿಕದ ಎಣಿಕೆಯಲ್ಲಿ 18ನೆಯ ಮೆಷ್ ಎಂದರೆ ಬರಿಯ 1 ಮಿ.ಮೀ. ಅದೇ 18 ಕಾಫಿ ಜರಡಿಯಲ್ಲಿ 7 ಮಿ.ಮೀ.ಗೂ ಹೆಚ್ಚು. ಆದ್ದರಿಂದ ಜರಡಿ ಕೊಳ್ಳುವಾಗ, ಪರೀಕ್ಷೆಯ ಚೀಟಿ ಓದುವಾಗ, ನಂಬರ್ ಕೇಳಿ ಸುಮ್ಮನಾಗಬಾರದು. ‘ತೂತು ಎಷ್ಟು ಮಿಲಿಮೀಟರ್?’ ಎಂದೇ ಕೇಳಬೇಕು.

ಜರಡಿ ಅಳೆಯುವುದು ಅಗಲವನ್ನು

ಒಂದು ಕಾಫಿ ಬೀಜವನ್ನು ಅಂಗೈಯ ಮೇಲಿಟ್ಟು ನೋಡಿ. ಅದಕ್ಕೆ ಮೂರು ಅಳತೆಗಳಿವೆ: ಉದ್ದ, ಅಗಲ, ದಪ್ಪ. ದುಂಡು ತೂತಿನ ಜರಡಿಯನ್ನು ಆಡಿಸಿದಾಗ ಬೀಜ ಎದ್ದು ನಿಂತು, ತುದಿ ಮುಂದಾಗಿ ತೂತಿಗೆ ಇಳಿಯಲು ನೋಡುತ್ತದೆ. ಆಗ ಉದ್ದ ಅಡ್ಡಬರುವುದಿಲ್ಲ. ದಪ್ಪ ಹೇಗೂ ಕಡಿಮೆ. ಅಡ್ಡಬರುವುದು ಅಗಲ ಒಂದೇ. ಆದ್ದರಿಂದ ದುಂಡು ತೂತಿನ ಜರಡಿ ಹೇಳುವುದು ಬೀಜದ ಅಗಲವನ್ನು. ಉದ್ದವನ್ನಲ್ಲ, ತೂಕವನ್ನೂ ಅಲ್ಲ. ಉದ್ದವಾದ ಬೀಜ ತೂಕದಲ್ಲಿ ಹೆಚ್ಚಿದ್ದರೂ ಅಗಲ ಕಡಿಮೆಯಿದ್ದರೆ ಕೆಳಗಿನ ದರ್ಜೆಗೆ ಇಳಿಯುತ್ತದೆ.

ಒಂದು ಹಣ್ಣಿನಲ್ಲಿ ಎರಡು ಬೀಜ ಬೆಳೆಯುವುದು ವಾಡಿಕೆ. ಎದುರುಬದಿರಾಗಿ ಬೆಳೆಯುವುದರಿಂದ ಒಂದು ಮುಖ ಚಪ್ಪಟೆಯಾಗುತ್ತದೆ. ಒಂದೇ ಬೀಜ ಬೆಳೆದಾಗ ಅದು ದುಂಡಗಾಗುತ್ತದೆ. ಅದನ್ನೇ ಪೀಬೆರಿ ಎನ್ನುತ್ತೇವೆ. ಪೀಬೆರಿಯ ಅಗಲ ಕಡಿಮೆ, ದಪ್ಪ ಹೆಚ್ಚು. ದುಂಡು ತೂತಿನ ಜರಡಿ ಒಂದನ್ನೇ ನಂಬಿದರೆ ಚೆನ್ನಾಗಿ ಬಲಿತ ಪೀಬೆರಿಯೂ ಸಣ್ಣ ಬೀಜಗಳ ಜೊತೆ ಹೋಗಿ ಬೀಳುತ್ತದೆ. ಆದ್ದರಿಂದ ಅದನ್ನು ಉದ್ದ ಸೀಳಿನ ಜರಡಿಯಿಂದಲೋ, ಓರೆಯಾದ ಪಟ್ಟಿಯ ಮೇಲೆ ಉರುಳಿಸಿಯೋ ಬೇರ್ಪಡಿಸುತ್ತಾರೆ. ಮನೆಯಲ್ಲಿ ಒಂದು ನುಣುಪಾದ ತಟ್ಟೆಯನ್ನು ಸ್ವಲ್ಪ ಓರೆ ಮಾಡಿ ಮೆಲ್ಲಗೆ ತಟ್ಟಿದರೆ ದುಂಡು ಬೀಜ ಉರುಳುತ್ತದೆ, ಚಪ್ಪಟೆ ಬೀಜ ನಿಲ್ಲುತ್ತದೆ. ಇದು ಆಕಾರದ ಪರೀಕ್ಷೆ, ಗಾತ್ರದ್ದಲ್ಲ.

ಆಕಾರಕ್ಕೂ ಒಂದು ಸಂಖ್ಯೆ ಕೊಡಬಹುದು. ಆರಿಸದೆ, ಕೈಗೆ ಬಂದ 20 ಬೀಜ ತೆಗೆದುಕೊಳ್ಳಿ. ದಪ್ಪ ಕಾಗದವನ್ನು ಮಡಿಸಿ ಆದ ಗೀರಿನಲ್ಲಿ ತುದಿಗೆ ತುದಿ ತಾಗುವಂತೆ ಸಾಲಾಗಿ ಇಡಿ. ಸಾಲಿನ ಉದ್ದ 180 ಮಿ.ಮೀ. ಬಂದರೆ ಒಂದು ಬೀಜದ ಸರಾಸರಿ ಉದ್ದ 9 ಮಿ.ಮೀ. ಅವೇ ಬೀಜಗಳನ್ನು ಪಕ್ಕಕ್ಕೆ ಪಕ್ಕ ತಾಗುವಂತೆ ಮಲಗಿಸಿದಾಗ 130 ಮಿ.ಮೀ. ಬಂದರೆ ಸರಾಸರಿ ಅಗಲ 6.5 ಮಿ.ಮೀ. ಉದ್ದವನ್ನು ಅಗಲದಿಂದ ಭಾಗಿಸಿದರೆ ಸುಮಾರು 1.4. ಈ ಸಂಖ್ಯೆ 1ಕ್ಕೆ ಹತ್ತಿರ ಬಂದಷ್ಟೂ ಬೀಜ ದುಂಡು. ರೋಬಸ್ಟಾದಲ್ಲಿ ಇದು ಸಾಮಾನ್ಯವಾಗಿ ಅರೇಬಿಕಾಕ್ಕಿಂತ ಕಡಿಮೆ ಬರುವುದನ್ನು ನೀವೇ ಅಳೆದು ನೋಡಬಹುದು. ಅಳೆಯುವ ಪಟ್ಟಿಯೊಂದಿದ್ದರೆ ಸಾಕು, ಬೇರೆ ಯಂತ್ರ ಬೇಡ.

ತಪ್ಪು ಹುಟ್ಟುವ ಜಾಗ

ಇಷ್ಟೆಲ್ಲ ತಿಳಿದ ಮೇಲೂ ಲೆಕ್ಕ ತಪ್ಪುತ್ತದೆ. ಹೆಚ್ಚಾಗಿ ತಪ್ಪು ಜರಡಿಯಲ್ಲಿರುವುದಿಲ್ಲ, ಜರಡಿಗೆ ಸುರಿಯುವ ಮಾದರಿಯಲ್ಲಿರುತ್ತದೆ. ಇದನ್ನು ನಾವು ಕಲಿತದ್ದು ಪೆಟ್ಟು ತಿಂದು.

ಒಂದು ವರ್ಷ ಹಲ್ಲಿಂಗ್ ಮಾಡಿಸಿದ ಬೀಜವನ್ನು ಕಣದಲ್ಲಿ ರಾಶಿ ಹಾಕಿದ್ದೆವು. ಕುತೂಹಲಕ್ಕೆ ರಾಶಿಯ ಬುಡದಲ್ಲಿ ನಾಲ್ಕು ಬೊಗಸೆ ಬಾಚಿ ಜರಡಿ ಹಿಡಿದೆವು. ದಪ್ಪ ಬೀಜವೇ ಹೆಚ್ಚು ಬಂದಿತು. ಮನೆಯಲ್ಲಿ ಎಲ್ಲರಿಗೂ ಸಂತೋಷ. ಬರುವ ಹಣಕ್ಕೆ ಖರ್ಚಿನ ಪಟ್ಟಿಯೂ ಆಯಿತು. ಕ್ಯೂರಿಂಗ್‌ನಿಂದ ಬಂದ ಲೆಕ್ಕದಲ್ಲಿ ದಪ್ಪ ಬೀಜ ಅಷ್ಟಿರಲಿಲ್ಲ. ನಾವು ಸಿಟ್ಟಿನಿಂದ ಹೋಗಿ ಜಗಳ ಮಾಡಿದೆವು. ಅಲ್ಲಿದ್ದ ಹಿರಿಯರೊಬ್ಬರು ‘ಮಾದರಿ ಎಲ್ಲಿಂದ ತೆಗೆದಿರಿ?’ ಎಂದು ಮಾತ್ರ ಕೇಳಿದರು. ಉತ್ತರ ಹೇಳುವಾಗಲೇ ನಮ್ಮ ತಪ್ಪು ನಮಗೆ ತಿಳಿಯಿತು.

ಕಾರಣ ಸುಲಭ. ಕಾಳನ್ನು ಮೇಲಿನಿಂದ ಸುರಿದಾಗ ದಪ್ಪ ಕಾಳು ಉರುಳಿಕೊಂಡು ರಾಶಿಯ ಅಂಚಿಗೆ ಹೋಗುತ್ತದೆ. ಸಣ್ಣದು, ಒಡಕು, ದೂಳು ಸಂದುಗಳಲ್ಲಿ ಇಳಿದು ನಡುವೆ ಉಳಿಯುತ್ತವೆ. ಚೀಲವನ್ನು ಲಾರಿಯಲ್ಲಿ ಕುಲುಕಿದಾಗಲೂ ಇದೇ ಕಥೆ: ಸಣ್ಣದು ಕೆಳಗೆ ಜಾರುತ್ತದೆ, ದಪ್ಪದ್ದು ಮೇಲೆ ಬರುತ್ತದೆ. ರಾಶಿಯ ಬುಡದಲ್ಲಿ ಅಥವಾ ಚೀಲದ ಬಾಯಲ್ಲಿ ಬೊಗಸೆ ತುಂಬಿದರೆ ನಮಗೆ ನಾವೇ ಮೋಸ ಮಾಡಿಕೊಂಡಂತೆ.

ಇದರ ಬೆಲೆ ಎಷ್ಟೆಂದು ಲೆಕ್ಕ ಹಾಕೋಣ. ಚೆರ್ರಿ ಕಾಫಿ ಮಾರುವಾಗ ಓ.ಟಿ. ನೋಡುತ್ತಾರೆ. ಅಂದರೆ 50 ಕಿಲೋ ಚೀಲಕ್ಕೆ ಎಷ್ಟು ಕಿಲೋ ಶುದ್ಧ ಬೀಜ ಎಂಬ ಪ್ರಮಾಣ. 500 ಗ್ರಾಂ ಮಾದರಿ ತೆಗೆದು ಸಿಪ್ಪೆ ಬಿಡಿಸಿ ತೂಗಿದರು ಎಂದಿಟ್ಟುಕೊಳ್ಳಿ. 50 ಕಿಲೋ ಎಂಬುದು ಆ ಮಾದರಿಯ ನೂರರಷ್ಟು. ಮಾದರಿಯಲ್ಲಿ ಒಂದು ಗ್ರಾಂ ತಪ್ಪಿದರೆ ಚೀಲದಲ್ಲಿ ನೂರು ಗ್ರಾಂ ತಪ್ಪಿದಂತೆ. ಕೆಟ್ಟ ಮಾದರಿಯಿಂದ 5 ಗ್ರಾಂ ಕಡಿಮೆ ಬಂದರೆ ಪ್ರತಿ ಚೀಲಕ್ಕೆ ಅರ್ಧ ಕಿಲೋ, 100 ಚೀಲಕ್ಕೆ 50 ಕಿಲೋ ಶುದ್ಧ ಬೀಜ. ಯಾರೂ ಕದಿಯಲಿಲ್ಲ, ಯಾರೂ ಸುಳ್ಳು ಹೇಳಲಿಲ್ಲ. ಒಂದು ಬೊಗಸೆಯನ್ನು ತಪ್ಪು ಜಾಗದಲ್ಲಿ ತುಂಬಿದ್ದರಿಂದ ಆದ ನಷ್ಟ.

ಸರಿಯಾದ ಮಾದರಿ ತೆಗೆಯುವ ಕ್ರಮ

1. ರಾಶಿಯಿದ್ದರೆ ಮೇಲೆ, ನಡುವೆ, ಬುಡದಲ್ಲಿ, ನಾಲ್ಕು ದಿಕ್ಕಿನಿಂದಲೂ, ಹೊರಗಿನಿಂದಲೂ ಒಳಗಿನಿಂದಲೂ ಅಷ್ಟಷ್ಟು ತೆಗೆಯಿರಿ. ಚೀಲಗಳಿದ್ದರೆ ಆರಿಸದೆ ಹಲವು ಚೀಲಗಳಿಂದ, ಕೊಳವೆ ಚುಚ್ಚಿ, ಒಳಭಾಗದಿಂದಲೂ ತೆಗೆಯಿರಿ. ಎಲ್ಲಕ್ಕಿಂತ ಉತ್ತಮವೆಂದರೆ ಕಾಳು ಸುರಿಯುತ್ತಿರುವಾಗಲೇ ಆಗಾಗ್ಗೆ ಧಾರೆಗೆ ಅಡ್ಡಲಾಗಿ ಪಾತ್ರೆ ಹಿಡಿದು ತೆಗೆಯುವುದು.

2. ಹೀಗೆ ಕೂಡಿದ ಕೆಲವು ಕಿಲೋಗಳನ್ನು ಶುಭ್ರವಾದ ತಾಟಿನ ಮೇಲೆ ಸುರಿದು ಚೆನ್ನಾಗಿ ಕಲಸಿ, ಸಣ್ಣ ರಾಶಿ ಮಾಡಿ, ತಲೆಯನ್ನು ಒತ್ತಿ ದೋಸೆಯಂತೆ ಹರಡಿ.

3. ಒಂದು ಪಟ್ಟಿಯಿಂದ ಅದನ್ನು ನಾಲ್ಕು ಪಾಲು ಮಾಡಿ. ಎದುರುಬದಿರಿನ ಎರಡು ಪಾಲು ಇಟ್ಟುಕೊಂಡು ಉಳಿದೆರಡನ್ನು ದೂಳು ಸಹಿತ ಪೂರ್ತಿಯಾಗಿ ಬದಿಗೆ ಸರಿಸಿ.

4. ಉಳಿದದ್ದನ್ನು ಮತ್ತೆ ಕಲಸಿ, ಮತ್ತೆ ನಾಲ್ಕು ಪಾಲು ಮಾಡಿ. ಬೇಕಾದ ತೂಕಕ್ಕೆ ಬರುವವರೆಗೆ ಹೀಗೆ ಮಾಡುವುದು. ಕೊನೆಯಲ್ಲಿ ಬೊಗಸೆಯಿಂದ ಎತ್ತಿ ತೂಕ ಸರಿಮಾಡಬಾರದು.

5. ಇದೇ ಮಾದರಿಯ ಇನ್ನೊಂದು ಪಾಲನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ತಾರೀಖು ಬರೆದು ಇಟ್ಟುಕೊಳ್ಳಿ. ಮುಂದೆ ಮಾತು ಬಂದರೆ ಅದೇ ಸಾಕ್ಷಿ.

ಜರಡಿ ಹಿಡಿಯುವ ಕ್ರಮ

300 ಗ್ರಾಂ ಬೀಜವನ್ನು ನಾಲ್ಕು ಜರಡಿಗಳ ಸಾಲಿನ ಮೇಲೆ ಸುರಿದು ಆಡಿಸಿದೆವು ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. 7.10ರ ಮೇಲೆ 45 ಗ್ರಾಂ, 6.65ರ ಮೇಲೆ 105, 6.00ರ ಮೇಲೆ 90, 5.50ರ ಮೇಲೆ 36, ತಳದ ತಟ್ಟೆಯಲ್ಲಿ 21 ಗ್ರಾಂ ಸಿಕ್ಕಿತು. ಒಟ್ಟು 297. ಮೂರು ಗ್ರಾಂ ದೂಳಾಗಿ ಹೋಯಿತು. ಇದು ನೂರಕ್ಕೆ ಒಂದರಷ್ಟು, ನಡೆಯುತ್ತದೆ. ಇದಕ್ಕಿಂತ ಹೆಚ್ಚು ಕಳೆದರೆ ಪರೀಕ್ಷೆಯನ್ನು ಪುನಃ ಮಾಡಬೇಕು.

ಈಗ ಶೇಕಡಾವಾರು: 15, 35, 30, 12, 7. ಇವನ್ನು ಮೇಲಿನಿಂದ ಕೂಡಿಸುತ್ತ ಬನ್ನಿ. 7.10ರ ಮೇಲೆ ಶೇಕಡಾ 15, 6.65ರ ಮೇಲೆ ಒಟ್ಟು 50, 6.00ರ ಮೇಲೆ ಒಟ್ಟು 80, 5.50ರ ಮೇಲೆ ಒಟ್ಟು 92. ಅರ್ಧ ತೂಕ 6.65ರ ಮೇಲೆ ನಿಂತಿದೆ. ಆದ್ದರಿಂದ ಈ ಮಾಲಿನ ನಡುಗಾತ್ರ 6.65 ಮಿ.ಮೀ. ತಳದ ಶೇಕಡಾ 7 ಎಂಬುದು ಚೂರು, ಸಣ್ಣ ಬೀಜ. ಅದು ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ನೀರು, ಗೊಬ್ಬರ, ಕೊಯ್ಲಿನ ಸಮಯ, ಹಲ್ಲರ್‌ನ ಹೊಂದಾಣಿಕೆ, ಇವುಗಳಲ್ಲಿ ಯಾವುದು ಹದಗೆಟ್ಟಿದೆ ಎಂದು ವಿಚಾರಿಸಬೇಕು. ಚೂರು ಬೀಜವೇ ಹೆಚ್ಚಿದ್ದರೆ ಮೊದಲು ಹಲ್ಲರ್ ನೋಡಿ. ಇಡೀ ಬೀಜವೇ ಸಣ್ಣದಾಗಿದ್ದರೆ ಗಿಡವನ್ನು ನೋಡಿ.

ಗಮನದಲ್ಲಿಡಬೇಕಾದ ಕೆಲವು ಅಂಶಗಳು: ಜರಡಿಯ ಮೇಲೆ ರಾಶಿ ಸುರಿಯಬಾರದು, ಪ್ರತಿ ಬೀಜಕ್ಕೂ ತೂತು ಹುಡುಕಲು ಜಾಗ ಬೇಕು. ಎಷ್ಟು ಹೊತ್ತು ಆಡಿಸಬೇಕು ಎಂದರೆ, ಇನ್ನೂ ಒಂದು ನಿಮಿಷ ಆಡಿಸಿದರೂ ಇಳಿಯುವುದು ಹೆಚ್ಚುಕಡಿಮೆ ನಿಂತುಹೋಗುವವರೆಗೆ. ಬೀಜವನ್ನು ಬೆರಳಿನಿಂದ ಒತ್ತಿ ಇಳಿಸಬಾರದು. ತೂತಿಗೆ ಸಿಕ್ಕಿಕೊಂಡದ್ದು ನಿಂತದ್ದರ ಲೆಕ್ಕಕ್ಕೆ ಸೇರಬೇಕು. ತಂತಿ ಸಡಿಲವಾದ, ತೂತು ಹಿಗ್ಗಿದ ಜರಡಿಯನ್ನು ಪರೀಕ್ಷೆಗೆ ಬಳಸಬಾರದು. ಬೀಜ ಸರಿಯಾಗಿ ಒಣಗಿರಬೇಕು. ತೇವವಿದ್ದ ಬೀಜ ಉಬ್ಬಿಕೊಂಡು ಮೇಲಿನ ಜರಡಿಯಲ್ಲಿ ನಿಂತು, ಒಣಗಿದ ಮೇಲೆ ಕೆಳಗಿನದಕ್ಕೆ ಇಳಿಯುತ್ತದೆ.

ಪುಡಿಯಾದ ಮೇಲೆ

ನಮ್ಮಲ್ಲಿ ಹಲವರು ಈಗ ಸ್ವಂತ ಕಾಫಿ ಪುಡಿ ಮಾಡಿ ಮಾರುತ್ತಿದ್ದಾರೆ. ಅವರಿಗೆ ಗಾತ್ರದ ವಿಷಯ ಇನ್ನೂ ಮುಖ್ಯ. ಒಂದು ಮಿ.ಮೀ. ಅಳತೆಯ ಘನಾಕಾರದ ತುಣುಕಿಗೆ ಮೇಲ್ಮೈ 6 ಚದರ ಮಿ.ಮೀ. ಅದನ್ನೇ ಹತ್ತರಲ್ಲೊಂದು ಮಿ.ಮೀ. ತುಣುಕುಗಳಾಗಿ ಒಡೆದರೆ 1000 ತುಣುಕು, ಒಟ್ಟು ಮೇಲ್ಮೈ 60 ಚದರ ಮಿ.ಮೀ. ವಸ್ತು ಅಷ್ಟೇ, ನೀರು ತಾಗುವ ಜಾಗ ಹತ್ತು ಪಟ್ಟು. ಆದ್ದರಿಂದ ನುಣ್ಣನೆಯ ಪುಡಿ ಬೇಗ ರಸ ಬಿಡುತ್ತದೆ, ದರಗು ನಿಧಾನ.

ಫಿಲ್ಟರಿನಲ್ಲಿ ಪುಡಿ ತೀರ ನುಣ್ಣಗಾದರೆ ತೂತು ಕಟ್ಟಿ ಡಿಕಾಕ್ಷನ್ ಇಳಿಯುವುದೇ ಇಲ್ಲ. ತೀರ ದರಗಾದರೆ ನೀರು ಹಾಗೆಯೇ ಜಾರಿ ಸಪ್ಪೆಯಾಗುತ್ತದೆ. ಎರಡೂ ಕಲಬೆರಕೆಯಾದರೆ ಒಂದೇ ಲೋಟದಲ್ಲಿ ದೂಳಿನ ಕಹಿಯೂ ದರಗಿನ ಸಪ್ಪೆಯೂ ಕೂಡುತ್ತವೆ. ಗ್ರೈಂಡರಿನ ಬಿಲ್ಲೆಗಳು ಸವೆದಾಗ ಆಗುವುದು ಇದೇ. ಚಿಕೋರಿ ಬೆರೆಸುವವರು ಇನ್ನೊಂದನ್ನು ನೋಡಬೇಕು. ಕಾನೂನಿನ ಪ್ರಕಾರ ಚಿಕೋರಿ ಶೇಕಡಾ 49ನ್ನು ಮೀರಬಾರದು. ಕಾಫಿಯ ತರಿಗೂ ಚಿಕೋರಿಯ ತರಿಗೂ ಗಾತ್ರ ಬೇರೆಯಾಗಿದ್ದರೆ ಪೊಟ್ಟಣದಲ್ಲಿ ಅವು ಮೇಲೆ ಕೆಳಗೆ ಬೇರ್ಪಡುತ್ತವೆ. ಮೊದಲ ಲೋಟದ ರುಚಿ ಕೊನೆಯ ಲೋಟಕ್ಕೆ ಇರುವುದಿಲ್ಲ.

ಪುಡಿ ನುಣ್ಣಗಾದಂತೆ ಜರಡಿಯ ಕೈ ಸೋಲುತ್ತದೆ. ಸುಮಾರು 100 ಮೈಕ್ರಾನ್‌ಗಿಂತ ಕಿರಿದಾದ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕಾಫಿಯಲ್ಲಿ ಎಣ್ಣೆಯೂ ಇರುವುದರಿಂದ ಉಂಡೆ ಕಟ್ಟಿ ಜರಡಿಯ ಕಣ್ಣು ಮುಚ್ಚುತ್ತವೆ. ಅಲ್ಲಿ ಪ್ರಯೋಗಾಲಯಗಳು ಲೇಸರ್ ಬೆಳಕನ್ನು ಬಳಸುತ್ತವೆ. ದೊಡ್ಡ ಕಣ ಬೆಳಕನ್ನು ಸ್ವಲ್ಪವೇ ಚದುರಿಸುತ್ತದೆ, ಸಣ್ಣ ಕಣ ಅಗಲವಾಗಿ ಚದುರಿಸುತ್ತದೆ; ಆ ಚದುರುವಿಕೆಯಿಂದ ಯಂತ್ರ ಗಾತ್ರವನ್ನು ಲೆಕ್ಕ ಹಾಕುತ್ತದೆ. ಆದರೆ ಅದು ಪ್ರತಿ ಕಣವನ್ನೂ ಗುಂಡು ಎಂದೇ ಭಾವಿಸುತ್ತದೆ. ಉದ್ದವಾದ ಸಿಬಿರು ಅದರ ಲೆಕ್ಕದಲ್ಲಿ ಯಾವುದೋ ಒಂದು ಗಾತ್ರದ ಗುಂಡಾಗಿ ಬರುತ್ತದೆ. ಆಕಾರ ಬೇಕೆಂದರೆ ಕಣಗಳನ್ನು ಒಂದೊಂದಾಗಿ ಚಿತ್ರ ತೆಗೆದು ಉದ್ದ, ಅಗಲ, ದುಂಡುತನಗಳನ್ನು ಎಣಿಸುವ ಕ್ಯಾಮೆರಾ ಯಂತ್ರ ಬೇಕು. ಹೀಗೆ ಜರಡಿ, ಲೇಸರ್, ಕ್ಯಾಮೆರಾ ಮೂರೂ ಒಂದೇ ಪುಡಿಗೆ ಮೂರು ಬೇರೆ ಸಂಖ್ಯೆ ಹೇಳಬಹುದು, ಮೂರೂ ಸುಳ್ಳಲ್ಲ. ಆದ್ದರಿಂದ ಗಾತ್ರದ ಸಂಖ್ಯೆಯ ಪಕ್ಕದಲ್ಲಿ ಅಳೆದ ವಿಧಾನವನ್ನೂ ಬರೆದಿರಬೇಕು.

ನಮ್ಮ ಅಡಿಕೆ ತೋಟಗಳಲ್ಲಿ ಉಪಬೆಳೆಯಾದ ಕೊಕ್ಕೋದಲ್ಲಿಯೂ ಇದೇ ವಿಷಯವಿದೆ. 1973ರಲ್ಲಿ ಸ್ಥಾಪನೆಯಾದ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಚಾಕೊಲೇಟಿನಲ್ಲಿರುವ ಸಕ್ಕರೆ ಕೊಕ್ಕೋ ಕಣಗಳು ಸುಮಾರು 30 ಮೈಕ್ರಾನ್‌ಗಿಂತ ದಪ್ಪವಾದರೆ ನಾಲಿಗೆಗೆ ಮರಳಿನಂತೆ ತಾಗುತ್ತವೆ. ಆದ್ದರಿಂದ ಉರುಳೆಗಳ ನಡುವೆ ಅರೆದು ಅದಕ್ಕಿಂತ ಕಿರಿದು ಮಾಡುತ್ತಾರೆ. ಸತ್ತಿಯ ಹೆಂಗಸರ ಬೆರಳಿನಂತೆ ನಾಲಿಗೆಯೂ ಒಂದು ಅಳತೆಗೋಲು.

ಜರಡಿ ಹೇಳದ ಮಾತು

ಜರಡಿ ಗಾತ್ರ ಹೇಳುತ್ತದೆ, ಗುಣ ಹೇಳುವುದಿಲ್ಲ. 300 ಮೈಕ್ರಾನ್ ಜರಡಿಯಲ್ಲಿ ಚೆನ್ನಾಗಿ ಇಳಿದ ಅರಿಸಿನಕ್ಕೆ ಸೀಸದ ಬಣ್ಣ ಬೆರೆಸಿದ್ದರೆ ಜರಡಿಗೆ ಅದು ತಿಳಿಯದು. ಕಪ್ಪಾದ, ಹುಳಿಯಾದ, ಕೊರಕ ಕೊರೆದ ಕಾಫಿ ಬೀಜ ದಪ್ಪವಾಗಿದ್ದರೆ ಮೇಲಿನ ಜರಡಿಯಲ್ಲಿಯೇ ನಿಲ್ಲುತ್ತದೆ. ಅಡಿಕೆಯಲ್ಲಿ ಪಟೋರ, ಉಳ್ಳಿಗಡ್ಡೆ, ಕರಿಗೋಟುಗಳನ್ನು ಕಣ್ಣಿನಿಂದ ನೋಡಿ, ಕತ್ತರಿಸಿ ಹಿಡಿಯಬೇಕು. ಮೆಣಸಿನ ಕಾಳು ದಪ್ಪವಿದ್ದೂ ಒಳಗೆ ಪೊಳ್ಳಾಗಿರಬಹುದು. ಅದಕ್ಕಾಗಿಯೇ ಮೆಣಸಿಗೆ ಜರಡಿಯ ಜೊತೆಗೆ ಲೀಟರ್ ತೂಕವನ್ನೂ ನೋಡುತ್ತಾರೆ. ಒಂದು ಲೀಟರ್ ಅಳತೆಗೆ 550 ಗ್ರಾಂ ತೂಗುವ ಮೆಣಸು 500 ತೂಗುವುದಕ್ಕಿಂತ ತುಂಬಿದ ಕಾಳು. ಗಾತ್ರ, ಆಕಾರ, ತುಂಬಿದ ತೂಕ, ಕಣ್ಣಿನ ಆಯ್ಕೆ, ಈ ನಾಲ್ಕೂ ಸೇರಿದರೆ ಮಾತ್ರ ಮಾಲಿನ ಪೂರ್ಣ ಪರಿಚಯ.

ಸಂಘದ ಮಟ್ಟದಲ್ಲಿ ಆಗಬೇಕಾದದ್ದು

ನಾಲ್ಕು ಜರಡಿ, ಒಂದು ತಳದ ತಟ್ಟೆ, ಒಂದು ಗ್ರಾಂವರೆಗೆ ತೋರಿಸುವ ತಕ್ಕಡಿ, ಒಂದು ತಾಟು. ಒಬ್ಬೊಬ್ಬ ಸಣ್ಣ ಬೆಳೆಗಾರನಿಗೆ ಇದು ಹೊರೆಯಾದರೂ ಹತ್ತು ಮಂದಿ ಕೂಡಿದರೆ ಹೊರೆಯಲ್ಲ. ಕಬ್ಬು ಬೆಳೆಯುವ ಬಂಧುಗಳು ಸಹಕಾರದಿಂದ ಕಾರ್ಖಾನೆಯನ್ನೇ ಕಟ್ಟಿಕೊಂಡರು. ನಾವು ಜರಡಿಗಳ ಒಂದು ಸಾಲನ್ನು ಇಟ್ಟುಕೊಳ್ಳಲಾರೆವೇ? ಪ್ರತಿ ಶಾಖೆಯಲ್ಲಿಯೂ ಒಂದು ಪುಸ್ತಕವಿಟ್ಟು ಸದಸ್ಯರ ಹೆಸರು, ತಾರೀಖು, ಮಾದರಿ ತೆಗೆದ ಬಗೆ, ಐದು ತೂಕಗಳು, ಇಷ್ಟನ್ನು ಬರೆಯುತ್ತ ಹೋದರೆ ಮೂರು ವರ್ಷದಲ್ಲಿ ನಮ್ಮ ಊರಿನ ಬೀಜ ಯಾವ ಗಾತ್ರದ್ದೆಂದು ಬೇರೆಯವರನ್ನು ಕೇಳಬೇಕಾಗಿಲ್ಲ. ಚೀಟಿಗೂ ನಮ್ಮ ಪುಸ್ತಕಕ್ಕೂ ಹೆಚ್ಚು ವ್ಯತ್ಯಾಸ ಬಂದಾಗ ಜಗಳಕ್ಕೆ ಹೋಗುವ ಬದಲು ‘ಮಾದರಿಯನ್ನು ಒಟ್ಟಿಗೆ ತೆಗೆಯೋಣ’ ಎಂದು ಕೇಳುವ ಧೈರ್ಯ ಬರುತ್ತದೆ.

ಅಭ್ಯಾಸ

1. ನಿಮ್ಮ ಮನೆಯ ರಾಶಿಯ ಬುಡದಿಂದ ಒಂದು, ಒಳಗಿನಿಂದ ಒಂದು, ನಾಲ್ಕು ಪಾಲಿನ ಕ್ರಮದಿಂದ ಒಂದು, ಹೀಗೆ ಮೂರು ಮಾದರಿ ತೆಗೆದು ಜರಡಿ ಹಿಡಿಯಿರಿ. ಮೂರು ಲೆಕ್ಕಗಳನ್ನೂ ಪಕ್ಕಪಕ್ಕದಲ್ಲಿ ಬರೆಯಿರಿ.

2. 20 ಬೀಜಗಳ ಉದ್ದ, ಅಗಲ ಅಳೆದು ಭಾಗಿಸಿ. ಬೇರೆ ತಳಿಯ 20 ಬೀಜಗಳೊಂದಿಗೆ ಹೋಲಿಸಿ.

3. ಒಂದೇ ಮಾದರಿಯನ್ನು ಎರಡು ಸಲ ಜರಡಿ ಹಿಡಿದು ನೋಡಿ. ಎರಡು ಲೆಕ್ಕಗಳೂ ಹತ್ತಿರ ಬಾರದಿದ್ದರೆ ನಿಮ್ಮ ವಿಧಾನದಲ್ಲಿ ದೋಷವಿದೆ, ಮಾಲಿನಲ್ಲಿ ಅಲ್ಲ.

ಮುಂದಿನ ಕೊಯ್ಲಿನ ಮೊದಲ ಚೀಲ ಹೊರಡುವ ಮುನ್ನ ಈ ಮೂರನ್ನೂ ಮಾಡಿ ನೋಡಬೇಕೆಂದು ಎಲ್ಲ ಸದಸ್ಯರಲ್ಲಿ ನಮ್ಮ ಕೋರಿಕೆ.